ಲ್ಯಾಬಿನ 30 ಮಷಿನ್‌ಗೆ ಒಂದೇ ಲಿಸ್ಟು: ಲಿನಕ್ಸ್ ಪ್ಯಾಕೇಜ್ ಆರಿಸೋದು ಹೇಗೆ?

ಸೆಮಿಸ್ಟರ್ ಶುರುವಾಗೋ ಮುಂಚೆ ಲ್ಯಾಬಿನ 30 ಮಷಿನ್‌ಗೂ ಲಿನಕ್ಸ್ ಹಾಕ್ರಿ ಅಂದ್ರೆ ನಮ್ಮ ದಾವಣಗೆರೆ ಕಡೆ ಈಗ್ಲೂ ಪೆನ್‌ಡ್ರೈವ್ ಹಿಡ್ಕೊಂಡು ಒಂದೊಂದೇ ಮಷಿನ್ ಮುಂದೆ ಕೂರೋ ಲ್ಯಾಬ್ ಅಸಿಸ್ಟೆಂಟ್‌ಗಳು ಇದಾರೆ. ಅಷ್ಟು ಕಷ್ಟ ಬೇಡ. ಇನ್‌ಸ್ಟಾಲರ್ ಕೇಳೋ ಪ್ರಶ್ನೆಗೆಲ್ಲಾ ಉತ್ತರ ಬರೆದಿರೋ ಒಂದು ಫೈಲ್ ಕೊಟ್ರೆ ಅದು ತಾನೇ ಮುಗಿಸ್ಕೊಳ್ಳುತ್ತೆ. ಲಿನಕ್ಸ್‌ನ ಒಂದೊಂದು ಬಗೆಯಲ್ಲಿ ಆ ಫೈಲಿಗೆ ಒಂದೊಂದು ಹೆಸರು: ಡೆಬಿಯನ್‌ನಲ್ಲಿ ಅದು ಪ್ರಿಸೀಡ್, ಫೆಡೋರಾ, ರೆಡ್‌ಹ್ಯಾಟ್‌ನಲ್ಲಿ ಕಿಕ್‌ಸ್ಟಾರ್ಟ್, ಉಬುಂಟು ಸರ್ವರ್‌ನಲ್ಲಿ 20.04ರಿಂದ ಆಟೋಇನ್‌ಸ್ಟಾಲ್. ಡಿಸ್ಕು, ಟೈಮ್‌ಜೋನು ಬರೆಯೋದು ಬೇಗ ಆಗುತ್ತೆ, ತಲೆ ತಿನ್ನೋದು ಪ್ಯಾಕೇಜ್ ಲಿಸ್ಟು, ಅಂದ್ರೆ ಯಾವ್ಯಾವ ಸಾಫ್ಟ್‌ವೇರ್ ಹಾಕ್ಬೇಕು ಅನ್ನೋ ಪಟ್ಟಿ.

ಆ ಲಿಸ್ಟನ್ನ ತಲೆಯಿಂದ ಬರೀಬೇಡಿ. ಈಗಾಗ್ಲೇ ಚೆನ್ನಾಗಿ ಓಡ್ತಿರೋ ಒಂದು ಮಷಿನ್ ಹಿಡೀರಿ, ಡೆಬಿಯನ್ ಇದ್ರೆ ಟರ್ಮಿನಲ್‌ನಲ್ಲಿ ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್ ಅಂತ ಕೊಡಿ, ಡಿಪೆಂಡೆನ್ಸಿಯಾಗಿ (ಬೇರೆ ಪ್ಯಾಕೇಜ್‌ಗೆ ಬೇಕು ಅಂತ) ತಾವಾಗೇ ಬಂದಿದ್ದನ್ನ ಬಿಟ್ಟು ಬೇಕು ಅಂತಲೇ ಹಾಕಿದ್ದರ ಹೆಸರು ಬರುತ್ತೆ. ಫೆಡೋರಾದಲ್ಲಿ ಇನ್ನೂ ಸುಲಭ, ರೂಟ್ ಯೂಸರ್‌ನ ಫೋಲ್ಡರ್‌ನಲ್ಲಿ (/root) ಅನಕೊಂಡ-ಕೆಎಸ್.ಸಿಎಫ್‌ಜಿ ಅಂತ ಫೈಲ್ ಇರುತ್ತೆ, ಆ ಮಷಿನ್‌ನ ಇನ್‌ಸ್ಟಾಲ್ ಮಾಡಿದಾಗ ಆರಿಸಿದ್ದೆಲ್ಲಾ ಅದರಲ್ಲೇ ಐತೆ, ಕಾಪಿ ಮಾಡ್ಕೊಂಡು ತಿದ್ದಿದ್ರಾಯ್ತು.

ಆಮೇಲೆ ಕತ್ತರಿ. ಸಿಲಬಸ್ ಪಕ್ಕ ಇಟ್ಕೊಂಡು ಒಂದೊಂದೇ ಹೆಸರು ನೋಡಿ, ಯಾವ ಪ್ರಾಕ್ಟಿಕಲ್‌ಗೆ ಇದು ಅಂತ ಹೇಳೋಕೆ ಆಗ್ಲಿಲ್ವಾ, ತೆಗೀರಿ. "ಇರ್ಲಿ ಬಿಡು ಮುಂದೆ ಬೇಕಾಗ್ಬೋದು" ಅನ್ನೋದೇ ಡಿಸ್ಕ್ ತುಂಬ್ಸೋದು, ಅಪ್‌ಡೇಟ್ ನಿಧಾನ ಮಾಡೋದು. ಆದ್ರೆ ಎಸ್‌ಎಸ್‌ಹೆಚ್ ಸರ್ವರ್ (ದೂರದಿಂದ ಮಷಿನ್‌ಗೆ ಲಾಗಿನ್ ಆಗೋಕೆ) ಮಾತ್ರ ಬಿಡ್ಬೇಡಿ, ಅದಿದ್ರೆ ಮರೆತಿದ್ದನ್ನ ಕೂತಲ್ಲಿಂದಲೇ ಎಲ್ಲಾ ಮಷಿನ್‌ಗೂ ಹಾಕ್ಬೋದು.

ಇನ್ನು ಬರೆಯೋ ರೀತಿ. ಕಿಕ್‌ಸ್ಟಾರ್ಟ್‌ನಲ್ಲಿ ಪ್ಯಾಕೇಜಸ್ ಅನ್ನೋ ಭಾಗದಲ್ಲಿ ಹೆಸರಿನ ಮುಂದೆ @ ಇದ್ರೆ ಇಡೀ ಗ್ರೂಪು, ಮೈನಸ್ ಇದ್ರೆ ಅದು ಬೇಡ ಅಂತ, ಅಂದ್ರೆ ಖಾನಾವಳೀಲಿ ಫುಲ್ ಊಟ ಹೇಳಿ ಮಜ್ಜಿಗೆ ಬೇಡ ಅಂದಂಗೆ. ಪ್ರಿಸೀಡ್‌ನಲ್ಲಿ ಗುಂಪುಗಳು ಟಾಸ್ಕ್‌ಸೆಲ್ ಸಾಲಿಗೆ, ಬಿಡಿ ಹೆಸರುಗಳು ಪಿಕೆಜಿಸೆಲ್/ಇನ್‌ಕ್ಲೂಡ್ ಸಾಲಿಗೆ ಹೋಗ್ತವೆ. ಉಬುಂಟು ಫೈಲು ಯಾಮಲ್ (YAML) ಅನ್ನೋ ಮಾದರೀಲಿ ಇರುತ್ತೆ, ಅಲ್ಲಿ ಇಂಡೆಂಟ್‌ಗೆ ಟ್ಯಾಬ್ ಒತ್ತಂಗಿಲ್ಲ, ಸ್ಪೇಸೇ.

ಕನ್ನಡಕ್ಕೆ ಡೆಬಿಯನ್‌ನಲ್ಲಿ ಟಾಸ್ಕ್-ಕನ್ನಡ-ಡೆಸ್ಕ್‌ಟಾಪ್ ಅಂತಲೇ ಐತೆ, ಫಾಂಟ್ಸ್-ಗುಬ್ಬಿ ಹಾಕಿದ್ರೆ ಗುಬ್ಬಿ ಫಾಂಟ್, ಫಾಂಟ್ಸ್-ನವಿಲು ಹಾಕಿದ್ರೆ ನವಿಲು ಫಾಂಟ್ ಬರುತ್ತೆ, ಟೈಪಿಂಗ್‌ಗೆ ಐಬಸ್-ಎಂ17ಎನ್ ಸೇರಿಸಿ.

ಹೆಸರು ಹುಷಾರು. ಡೆಬಿಯನ್‌ನ ಅಪಾಚೆ2 ಫೆಡೋರಾದಲ್ಲಿ ಹೆಚ್‌ಟಿಟಿಪಿಡಿ, ಒಂದು ಅಕ್ಷರ ತಪ್ಪಿದ್ರೂ ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತೆ. ಕಿಕ್‌ಸ್ಟಾರ್ಟ್‌ನಲ್ಲಿ ಇಗ್ನೋರ್‌ಮಿಸ್ಸಿಂಗ್ ಅಂತ ಕೊಟ್ರೆ ಸಿಗದೇ ಇರೋದನ್ನ ಬಿಟ್ಟು ಮುಂದೆ ಹೋಗುತ್ತೆ, ನನಗಂತೂ ಅದು ಇಷ್ಟ ಇಲ್ಲ, ಕಂಪೈಲರ್ ಇಲ್ಲ ಅಂತ ಗೊತ್ತಾಗೋದು ಪರೀಕ್ಷೆ ದಿನ! ಅದಕ್ಕೇ ಮೊದಲು ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರ್ ಒಳಗೇ ನಕಲಿ ಮಷಿನ್ ಮಾಡೋ ಸಾಫ್ಟ್‌ವೇರ್) ಓಡ್ಸಿ, ಆಮೇಲೆ ಒಂದು ನಿಜವಾದ ಮಷಿನ್, ಆಮೇಲೆ ಉಳಿದವು.

ಎಲ್ಲಾ ಒಟ್ಟಿಗೆ ಬಿಟ್ರೆ ಅದೇ ಪ್ಯಾಕೇಜನ್ನ 30 ಸಲ ಡೌನ್‌ಲೋಡ್ ಮಾಡ್ತವೆ, ನೆಟ್ ಕೂತುಬಿಡುತ್ತೆ. ಡೆಬಿಯನ್, ಉಬುಂಟು ಆದ್ರೆ ಲ್ಯಾಬ್ ಸರ್ವರ್‌ನಲ್ಲಿ ಆಪ್ಟ್-ಕ್ಯಾಷರ್-ಎನ್‌ಜಿ ಹಾಕಿ, ಅದು ಒಂದ್ಸಲ ಇಳಿದ ಪ್ಯಾಕೇಜನ್ನ ಇಟ್ಕೊಂಡು ಉಳಿದ ಮಷಿನ್‌ಗಳಿಗೆ ಕೊಡುತ್ತೆ, ಫೈಲ್‌ನಲ್ಲಿ ಪ್ರಾಕ್ಸಿ ಸಾಲಿಗೆ ಅದರ ಅಡ್ರೆಸ್ ಜೊತೆಗೆ ಪೋರ್ಟ್ 3142 ಕೊಡಿ.