ಕರ್ನಲ್ ಆಫ್ ಆದರೂ ಕೆಲಸ ಉಳಿಯಬೇಕು: ನನ್ನ ಅನುಭವ

ಆರು ತಿಂಗಳಿಂದ ರಾತ್ರಿ ಬಾಡಿಗೆ ಮಷಿನ್ ಆಫ್ ಮಾಡಿ ಮಲಗುತ್ತಿದ್ದೇನೆ. ಮೊದಲು ಜುಪಿಟರ್ ನೋಟ್‌ಬುಕ್ಕಿನ ಕರ್ನಲ್ (ಪೈಥಾನ್ ಕೋಡ್ ಓಡಿಸಿ, ಫಲಿತಾಂಶಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪ್ರೋಗ್ರಾಂ) ಸಾಯಬಾರದು ಅಂತ 24 ಗಂಟೆಯೂ ಓಡಿಸುತ್ತಿದ್ದೆ, ತಿಂಗಳಿಗೆ ಹೆಚ್ಚುಕಡಿಮೆ 11 ಸಾವಿರ ರೂಪಾಯಿ ಹೋಗುತ್ತಿತ್ತು. ನನ್ನದು ಮಳೆ ಡೇಟಾ. ಓದಿ, ಸರಿಮಾಡಿ, ಜೋಡಿಸಲು 40 ನಿಮಿಷ ಬೇಕು. "ಸುಮ್ನೆ ರನ್ ಆಲ್ ಒತ್ತಿ ಕಾಫಿ ಕುಡಿದು ಬಾ, ಸೆಷನ್ ಉಳಿಸೋದೆಲ್ಲ ಆಗೋ ಮಾತಲ್ಲ" ಅಂದರು ಜೊತೆಯವರು. ರನ್ ಆಲ್ ಅಂದರೆ ಎಲ್ಲ ಕೋಡನ್ನೂ ಮೊದಲಿಂದ ಓಡಿಸುವುದು, ಸೆಷನ್ ಅಂದರೆ ಆ ಹೊತ್ತಿಗೆ ಮೆಮೊರಿಯಲ್ಲಿರುವ ಡೇಟಾ, ಫಂಕ್ಷನ್ ಎಲ್ಲ. ಆದರೂ ಉಳಿಸಿಯೇ ನೋಡೋಣ ಅಂತ ಹೊರಟೆ.

ಮೆಮೊರಿಯಲ್ಲಿರುವುದನ್ನು ಫೈಲಿಗೆ ಬರೆಯುವ ಪೈಥಾನಿನ ಪಿಕಲ್ ಮೊದಲ ದಿನವೇ ಲ್ಯಾಂಬ್ಡಾ (ಹೆಸರಿಲ್ಲದ ಚಿಕ್ಕ ಫಂಕ್ಷನ್) ಕಂಡು ನಿಂತಿತು. ಹಾಗಾಗಿ ಅದನ್ನೂ ಉಳಿಸಬಲ್ಲ ಡಿಲ್ ಲೈಬ್ರರಿ ಹಿಡಿದೆ. ಅದರಲ್ಲಿ ಡಂಪ್_ಸೆಷನ್ ಅಂತಿದ್ದ ಆಜ್ಞೆ ಈಗ ಡಂಪ್_ಮಾಡ್ಯೂಲ್ ಆಗಿದೆ, ಇಡೀ ಸೆಷನ್ ಒಂದೇ ಫೈಲಿಗೆ ಹೋಗುತ್ತದೆ. ಸುಮಾರು 6 ಜಿಬಿ ಆಯಿತು, ಆದರೂ ವಾರ ಚೆನ್ನಾಗಿ ನಡೆಯಿತು. ಒಂದು ಸಂಜೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕನೆಕ್ಷನ್ ತೆರೆದೇ ಇತ್ತು, ಅದನ್ನು ಫೈಲಿಗೆ ಬರೆಯಲಾಗದೆ ಡಂಪ್ ಅರ್ಧಕ್ಕೆ ಎರರ್ ಕೊಟ್ಟಿತು. ಹೊಸದು ಉಳಿಯಲಿಲ್ಲ. ಅದೇ ಹೆಸರಿಗೆ ಬರೆಯುತ್ತಿದ್ದರಿಂದ ನಿನ್ನೆಯ ಒಳ್ಳೆ ಫೈಲೂ ಹೋಯಿತು. ಅವತ್ತಿನಿಂದ ಮೊದಲು ತಾತ್ಕಾಲಿಕ ಹೆಸರಿಗೆ ಬರೆದು, ಪೂರ್ತಿ ಆದಮೇಲೆ ಮಾತ್ರ ಓಎಸ್.ರಿಪ್ಲೇಸ್‌ನಿಂದ ಹಳೇ ಫೈಲಿನ ಜಾಗಕ್ಕೆ ತರುತ್ತೇನೆ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ನೋಟ್‌ಬುಕ್‌ನಲ್ಲಿ ಒಂದು ಫಂಕ್ಷನ್ ತಿದ್ದಿ ಸೆಲ್ ಓಡಿಸಿದೆ, ಆಮೇಲೆ ಸೆಷನ್ ಲೋಡ್ ಮಾಡಿದೆ. ಹಳೇ ಫಂಕ್ಷನ್ ಬಂದು ಹೊಸದರ ಮೇಲೆ ಕೂತಿತು. ಕಣ್ಣೆದುರು ಹೊಸ ಕೋಡ್, ಒಳಗೆ ಓಡುತ್ತಿರುವುದು ಹಳೇದು. ಮೂರು ದಿನದ ಲೆಕ್ಕ ತಪ್ಪಾಯಿತು, ಕ್ಲೈಂಟ್‌ಗೆ ಪುಕ್ಕಟೆಯಾಗಿ ಮತ್ತೆ ಮಾಡಿಕೊಟ್ಟೆ.

ಎಲ್ಲವನ್ನೂ ಒಂದೇ ಮೂಟೆ ಕಟ್ಟುವುದನ್ನು ಬಿಟ್ಟ ಮೇಲೆ ದಾರಿ ಸಿಕ್ಕಿತು. ಡೇಟಾಫ್ರೇಮ್‌ಗಳು, ಅಂದರೆ ಮೆಮೊರಿಯಲ್ಲಿರುವ ಕೋಷ್ಟಕಗಳು, ಪಾರ್ಕೆಟ್ ಅನ್ನೋ ಫೈಲ್ ರೂಪಕ್ಕೆ. ಒಂದೇ ಕಾಲಮ್‌ನಲ್ಲಿ ಅಂಕಿ, ಅಕ್ಷರ ಎರಡೂ ಇದ್ದರೆ ಪಾರ್ಕೆಟ್ ಒಪ್ಪಲ್ಲ, ನನ್ನಲ್ಲಿ ಸ್ಟೇಷನ್ ನಂಬರ್ ಹಾಗಿತ್ತು, ಎಲ್ಲವನ್ನೂ ಸ್ಟ್ರಿಂಗ್ ಮಾಡಿದೆ. ಚಿಕ್ಕಪುಟ್ಟ ಡಿಕ್ಷನರಿ (ಹೆಸರು-ಬೆಲೆ ಜೋಡಿಗಳ ಪಟ್ಟಿ), ಸೆಟ್ಟಿಂಗ್ ಡಿಲ್‌ಗೆ. ಫಂಕ್ಷನ್ ಉಳಿಸಲೇಬಾರದು, ಅದು ಪೈಥಾನ್ ಫೈಲಿನಲ್ಲಿದ್ದು ಇಂಪೋರ್ಟ್ ಆಗಬೇಕು. ಕನೆಕ್ಷನ್ ಕೂಡ ಅಷ್ಟೇ, ಪ್ರತಿಸಲ ಹೊಸದಾಗಿ ತೆರೆಯುವುದು. ನಂಪೈ ರ‍್ಯಾಂಡಮ್ ಜನರೇಟರ್‌ನ ಸ್ಟೇಟ್ (ಯಾದೃಚ್ಛಿಕ ಸಂಖ್ಯೆ ಕೊಡುವುದು ಎಲ್ಲಿಗೆ ನಿಂತಿದೆ ಎಂಬ ಗುರುತು) ಮರೆಯಬೇಡಿ, ಅದಿಲ್ಲದೆ ನಿನ್ನೆಯ ಸ್ಯಾಂಪಲಿಂಗ್ ನಿಂತಲ್ಲಿಂದ ಮುಂದುವರಿಯಲ್ಲ. ಯಾವ ವೇರಿಯಬಲ್ ಬದಲಾಗಿದೆ ಅಂತ ಕಂಡುಹಿಡಿದು ಅಷ್ಟನ್ನೇ ಬರೆಯುವ ತುಣುಕೂ ಇದೆ. ಅದು ನನ್ನ ಹತ್ತಿರವೇ ಇರಲಿ, ಅದಕ್ಕೆ ಎರಡು ತಿಂಗಳು ಕೊಟ್ಟಿದ್ದೇನೆ.

ಮಧ್ಯೆ ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಕಡೆಗೂ ಹೋಗಿ ಬಂದೆ. ಎಸ್‌ಬಿಸಿಎಲ್‌ನಲ್ಲಿ (ಲಿಸ್ಪ್ ಓಡಿಸುವ ಒಂದು ವ್ಯವಸ್ಥೆ) ಸೇವ್-ಲಿಸ್ಪ್-ಅಂಡ್-ಡೈ ಅಂದರೆ ಇಡೀ ಇಮೇಜ್, ಅಂದರೆ ಮೆಮೊರಿಯಲ್ಲಿರುವುದೆಲ್ಲ, ಡಿಸ್ಕಿಗೆ ಇಳಿಯುತ್ತದೆ, ಫಂಕ್ಷನ್ ಸಮೇತ. ಎಷ್ಟು ಚೆಂದ ಅಲ್ವಾ! ಆದರೆ ಬೇರೆ ಥ್ರೆಡ್ (ಅದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಸಾಗುವ ಕೆಲಸ) ಓಡುತ್ತಿದ್ದರೆ ಉಳಿಸಲ್ಲ, ತನ್ನದೇ ಥ್ರೆಡ್ ಓಡಿಸುವ ಸ್ಲೈಮ್ (ಎಡಿಟರ್ ಒಳಗಿಂದ ಲಿಸ್ಪ್ ಬಳಸುವ ಸಾಧನ) ಒಳಗಿಂದ ಆ ಆಜ್ಞೆ ಕೊಟ್ಟು ಒಂದು ಭಾನುವಾರ ಪೂರ್ತಿ ಒದ್ದಾಡಿದೆ. ಲಿನಕ್ಸ್‌ನ ಕ್ರಿಯುವಿನಿಂದ (ಓಡುತ್ತಿರುವ ಪ್ರೋಗ್ರಾಮನ್ನು ಡಿಸ್ಕಿಗೆ ಉಳಿಸಿ ಮತ್ತೆ ಎಬ್ಬಿಸುವ ಸಾಧನ) ಪೈಥಾನ್ ಪ್ರೊಸೆಸ್ಸನ್ನೇ ನಿಲ್ಲಿಸಿ ಎಬ್ಬಿಸಲು ನೋಡಿದೆ. ಟರ್ಮಿನಲ್‌ನಲ್ಲಿ ಶೆಲ್-ಜಾಬ್ ಆಪ್ಷನ್ ಕೊಟ್ಟರೆ ಎದ್ದಿತು, ಜುಪಿಟರ್ ಜೊತೆ ನನಗೆ ಆಗಲಿಲ್ಲ.

ಈಗ ಬೆಳಿಗ್ಗೆ ಮಷಿನ್ ಆನ್ ಮಾಡಿ ಒಂದು ಸೆಲ್ ಒತ್ತಿದರೆ 50 ಸೆಕೆಂಡಿಗೆ ನಿನ್ನೆ ನಿಂತ ಜಾಗ. ಬಿಲ್ 3,500ರ ಆಸುಪಾಸು. ರನ್ ಆಲ್ ಒತ್ತು ಅಂದವರಲ್ಲಿ ಇಬ್ಬರು ಹೋದ ವಾರ ನನ್ನ ಫೋಲ್ಡರ್ ಕಾಪಿ ಮಾಡಿಕೊಂಡು ಹೋದರು.