ಆಸ್ಟ್ರೇಲಿಯಾದಿಂದ ಮನೆಗೆ ಹೊರಡುವ ಮುಂಚಿನ ಹತ್ತು ದಿನ

ವೀಸಾ ಮುಗಿಯುತ್ತಾ ಬಂದಿದೆ, ಟಿಕೆಟ್ ಆಗಿದೆ, ಊರಲ್ಲಿ ಅವ್ವ ದಿನ ಎಣಿಸುತ್ತಿದ್ದಾರೆ. ಇನ್ನು ಹತ್ತು ದಿನ. ಹೆಚ್ಚಿನವರು ಈ ಹತ್ತು ದಿನವನ್ನು ನೋಡದೇ ಬಿಟ್ಟ ಜಾಗಗಳನ್ನು ಓಡಿ ಓಡಿ ನೋಡುವುದರಲ್ಲೇ ಕಳೆದುಬಿಡುತ್ತಾರೆ. ನನ್ನ ಮಾತು ಕೇಳಿ, ಹಾಗೆ ಮಾಡಬೇಡಿ. ಅಲ್ಲಿ ನಿಂತು ಮಾತ್ರ ಆಗುವ ಕೆಲಸಗಳು ಕೆಲವಿವೆ, ಅವು ಮೊದಲು ಮುಗಿಯಲಿ. ಕೊಡಗಿನವರಿಗಂತೂ ಇದು ಇನ್ನೂ ಜಾಸ್ತಿ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ನಾಪೋಕ್ಲು ಕಡೆಯವನು. ವರ್ಕ್ ಅಂಡ್ ಹಾಲಿಡೇ ವೀಸಾದಲ್ಲಿ ಒಂದು ವರ್ಷ ಕ್ವೀನ್ಸ್‌ಲ್ಯಾಂಡ್‌ನಲ್ಲಿದ್ದೆ. ಇದು 18ರಿಂದ 30 ವರ್ಷದವರಿಗೆ ಇರುವ ವೀಸಾ, ಭಾರತೀಯರಿಗೆ ಸಿಗೋಕೆ ಶುರುವಾಗಿದ್ದು 2024ರಲ್ಲಿ, ವರ್ಷಕ್ಕೆ 1,000 ಜನರಿಗೆ, ಅದೂ ಚೀಟಿ ಎತ್ತಿ. ಮರೀಬಾದಲ್ಲಿ ಮಾವು ಕೊಯ್ದೆ, ಬೆಣ್ಣೆಹಣ್ಣು ಕೊಯ್ದೆ, ಆಮೇಲೆ ಸ್ವಲ್ಪ ದಿನ ಟಲ್ಲಿಯಲ್ಲಿ ಬಾಳೆ ತೋಟದಲ್ಲಿದ್ದೆ. ಮರೀಬಾದಲ್ಲಿ ಕಾಫಿಯೂ ಇದೆ, ಮಿಷನ್ನಲ್ಲೇ ಕೊಯ್ಯುತ್ತಾರೆ, ಅದನ್ನು ನೋಡಿದ ದಿನ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಒಂದು ಗಂಟೆ ಮಾತಾಡಿದ್ದೆ. ಜೂನ್ ಮಧ್ಯದಲ್ಲಿ ವಾಪಸ್ ಬಂದೆ.

ಮೊದಲನೇ ಕೆಲಸ ಫೋನ್ ನಂಬರ್. ಇದನ್ನು ಯಾರೂ ಹೇಳಲ್ಲ. ಮೈಗವ್‌ಗೆ, ಅಂದರೆ ಅಲ್ಲಿನ ಸರ್ಕಾರದ ಆನ್‌ಲೈನ್ ಸೇವೆಗಳ ವೆಬ್‌ಸೈಟ್‌ಗೆ, ಲಾಗಿನ್ ಆಗಬೇಕಾದರೆ ನಿಮ್ಮ ಆಸ್ಟ್ರೇಲಿಯಾ ನಂಬರಿಗೆ ಎಸ್‌ಎಂಎಸ್‌ನಲ್ಲಿ ಕೋಡ್ ಬರುತ್ತದೆ. ಸಿಮ್ ಸತ್ತರೆ ಕೋಡೂ ಇಲ್ಲ. ನನಗೆ ಆಗಿದ್ದು ಇದೇ. ಮನೆಗೆ ಬಂದ ಎರಡನೇ ವಾರ ಜಡಿಮಳೆ ಹಿಡಿಯಿತು, ಮರ ಬಿದ್ದು ಕರೆಂಟ್ ಹೋಯಿತು, ಹಿಂದೆಯೇ ಟವರ್ ಕೂಡ ಹೋಯಿತು. ನಾಲ್ಕು ದಿನ ಕಾದು ಮಡಿಕೇರಿಗೆ ಹೋಗಿ, ಪರಿಚಯದವರ ಅಂಗಡಿಯಲ್ಲಿ ಕೂತು ಲಾಗಿನ್ ಆಗೋಕೆ ನೋಡಿದರೆ, ಕೋಡ್ ಹೋಗುತ್ತಿದ್ದುದು ನಾನು ಕೇರ್ನ್ಸ್ ಏರ್‌ಪೋರ್ಟ್‌ನಲ್ಲಿ ತೆಗೆದು ಬಿಸಾಕಿದ್ದ ಸಿಮ್‌ಗೆ. ಕೊನೆಗೆ ಹೊಸ ಖಾತೆ ತೆರೆದು, ಸೂಪರ್ (ನಮ್ಮ ಪಿಎಫ್ ಥರದ್ದು) ಖಾತೆ ನಂಬರು, ಬ್ಯಾಂಕ್ ಖಾತೆ ನಂಬರು ಎಲ್ಲ ಕೊಟ್ಟು ತೆರಿಗೆ ಇಲಾಖೆಯನ್ನು ಮತ್ತೆ ಜೋಡಿಸಿಕೊಳ್ಳಬೇಕಾಯಿತು. ಅಲ್ಲಿದ್ದಾಗ ಐದು ನಿಮಿಷದ ಕೆಲಸ ಅದು. ಮೈಗವ್ ಸೆಟ್ಟಿಂಗ್‌ಗೆ ಹೋಗಿ ಪಾಸ್‌ಕೀ (ಬೆರಳಚ್ಚು, ಮುಖ ಅಥವಾ ಫೋನಿನ ಪಿನ್‌ನಿಂದಲೇ ಲಾಗಿನ್ ಆಗುವ ವ್ಯವಸ್ಥೆ) ಹಾಕಿಕೊಳ್ಳಿ, ಇಲ್ಲವೇ ಅವರದೇ ಕೋಡ್ ಜನರೇಟರ್ ಆ್ಯಪ್ ಜೋಡಿಸಿ, ಆಮೇಲೆ ಒಂದು ಸಾರಿ ಲಾಗೌಟ್ ಆಗಿ ಎಸ್‌ಎಂಎಸ್ ಇಲ್ಲದೆ ಒಳಗೆ ಹೋಗೋಕೆ ಆಗುತ್ತಾ ನೋಡಿ. ಬ್ಯಾಂಕ್ ಆ್ಯಪ್‌ಗೂ ಹೀಗೇ. ವಿದೇಶದಿಂದ ಲಾಗಿನ್ ಆಗುತ್ತೇನೆ, ಕೋಡ್ ಹೇಗೆ ಬರುತ್ತೆ ಅಂತ ಬ್ಯಾಂಕಿನಲ್ಲಿ ಕೇಳಿಕೊಂಡೇ ಹೊರಡಿ.

ಅದೇ ಹೊತ್ತಿಗೆ ನಿಮ್ಮ ಊರಿನ ಸಿಮ್ ಇನ್ನೂ ಜೀವಂತ ಇದೆಯಾ ನೋಡಿ. ತಿಂಗಳುಗಟ್ಟಲೆ ರೀಚಾರ್ಜ್ ಮಾಡದೆ ಬಿಟ್ಟಿದ್ದರೆ ನಂಬರ್ ಬೇರೆಯವರ ಕೈಗೆ ಹೋಗಿರುವ ಸಾಧ್ಯತೆ ಇದೆ, ನಮ್ಮ ಬ್ಯಾಂಕಿನ ಒಟಿಪಿ ಎಲ್ಲ ಬರುವುದು ಅದಕ್ಕೇ ಅಲ್ವಾ.

ಇನ್ನು ದುಡ್ಡು. ಕೆಲಸ ಮಾಡಿದವರಿಗೆ ಸಂಬಳದ ಮೇಲೆ ಮಾಲೀಕರು ಸೂಪರ್ ಅಂತ ಕಟ್ಟಿರುತ್ತಾರೆ, ನಮ್ಮ ಪಿಎಫ್ ಇದ್ದ ಹಾಗೆ. 2025ರ ಜುಲೈ 1ರಿಂದ ಅದು ಶೇ 12. ದೇಶ ಬಿಟ್ಟ ಮೇಲೆ ಅದನ್ನು ವಾಪಸ್ ಕೇಳಬಹುದು, ಆದರೆ ನಮ್ಮ ವೀಸಾದವರಿಗೆ ಅದರ ಮೇಲೆ ಶೇ 65 ತೆರಿಗೆ. 1,000 ಡಾಲರ್ ಇದ್ದರೆ ಕೈಗೆ 350. ಮನಸ್ಸಿಗೆ ಬೇಜಾರಾಗುತ್ತದೆ ನಿಜ, ಆದರೂ ಬಿಡಬೇಡಿ, ಬಿಸಿಲಲ್ಲಿ ನಿಂತು, ಮಾವಿನ ಸೊನೆ ತಾಗಿ ಕೈ ಸುಟ್ಟುಕೊಂಡು ದುಡಿದ ದುಡ್ಡು ಅದು. ನೀವು ದೇಶ ಬಿಟ್ಟಿರಬೇಕು, ವೀಸಾನೂ ಮುಗಿದಿರಬೇಕು, ಎರಡೂ ಆದ ಮೇಲೇ ದುಡ್ಡು ಕೊಡುವುದು. ಅರ್ಜಿ ತೆರಿಗೆ ಇಲಾಖೆಯ, ಅಂದರೆ ಎಟಿಒದ ವೆಬ್‌ಸೈಟ್‌ನಲ್ಲೇ ಇದೆ, ಶುಲ್ಕ ಇಲ್ಲ. ನಾವು ಮಾಡಿಸಿಕೊಡುತ್ತೇವೆ ಅಂತ ಕಮಿಷನ್ ಕೇಳುವವರು ಸಿಗುತ್ತಾರೆ, ಅವರು ಬೇಕಾಗಿಯೇ ಇಲ್ಲ. ಹೊರಡುವ ಮುಂಚೆ ಮಾಡಬೇಕಾದದ್ದು ಇಷ್ಟೇ: ಮೂರು ತೋಟದಲ್ಲಿ ದುಡಿದಿದ್ದರೆ ಮೂರು ಕಡೆ ಸೂಪರ್ ಖಾತೆ ಆಗಿರಬಹುದು, ಮೈಗವ್‌ನಲ್ಲಿ ಎಲ್ಲ ಕಾಣುತ್ತದೆ, ಪ್ರತಿಯೊಂದರ ಹೆಸರು, ಸದಸ್ಯ ನಂಬರು ಬರೆದುಕೊಳ್ಳಿ. ಕೊನೆಯ ಕಂತು ತಡವಾಗಿ ಬೀಳಬಹುದು, ಅದು ಬಿದ್ದ ಮೇಲೆ ಅರ್ಜಿ ಹಾಕಿದರೆ ಒಂದೇ ಸಾರಿಗೆ ಮುಗಿಯುತ್ತದೆ. ತೀರಾ ತಡ ಮಾಡಿ ಆರು ತಿಂಗಳು ದಾಟಿದರೆ ಆ ದುಡ್ಡು ಎಟಿಒಗೆ ಹೋಗುತ್ತದೆ. ಆಗಲೂ ಕೇಳಿ ಪಡೆಯಬಹುದು, ಕಳೆದುಹೋಗುವುದಿಲ್ಲ.

ತೆರಿಗೆ ವರ್ಷ ಅಲ್ಲಿ ಜೂನ್ 30ಕ್ಕೆ ಮುಗಿಯುತ್ತದೆ. ಅದಕ್ಕೂ ಮುಂಚೆ ಪೂರ್ತಿಯಾಗಿ ಹೊರಡುವವರು ಮೊದಲೇ ರಿಟರ್ನ್ ಹಾಕಬಹುದು. ನಾನು ಜೂನ್‌ನಲ್ಲಿ ಹೊರಟಿದ್ದರಿಂದ ಜುಲೈವರೆಗೆ ಕಾದು ಮನೆಯಿಂದಲೇ ಹಾಕೋಣ ಅಂದುಕೊಂಡೆ. ಆ ಲಾಗಿನ್ ಇಷ್ಟು ಮುಖ್ಯ ಅಂದಿದ್ದು ಇದಕ್ಕೇ. ಇನ್ನೊಂದು ವಿಷಯ, ತೆರಿಗೆ ರೀಫಂಡ್ ಬರುವುದು ಆಸ್ಟ್ರೇಲಿಯಾದ ಬ್ಯಾಂಕ್ ಖಾತೆಗೆ ಮಾತ್ರ. ಹಾಗಾಗಿ ಕೊನೆಯ ದಿನ ಹೋಗಿ ಖಾತೆ ಮುಚ್ಚಿಬಿಡಬೇಡಿ. ಉಳಿದ ದುಡ್ಡನ್ನೆಲ್ಲ ಊರಿಗೆ ಕಳಿಸಿ, ಸ್ವಲ್ಪ ಬಿಟ್ಟು, ಖಾತೆ ಹಾಗೇ ಇರಲಿ. ನೋಟು ಕಟ್ಟಿಕೊಂಡು ಬರುವುದು ಬೇಡ. ಅಲ್ಲಿಂದ ಹೊರಡುವಾಗ 10,000 ಆಸ್ಟ್ರೇಲಿಯಾ ಡಾಲರ್ ಮತ್ತು ಮೇಲ್ಪಟ್ಟ ನಗದು ಇದ್ದರೆ ಘೋಷಿಸಬೇಕು. ಇಲ್ಲಿ ಇಳಿಯುವಾಗ ನೋಟು 5,000 ಅಮೆರಿಕನ್ ಡಾಲರ್ ಬೆಲೆ ದಾಟಿದರೂ ಹೇಳಬೇಕು.

ಸಂಬಳ ಬಾಕಿ ಉಳಿಸಿಕೊಂಡು ವಿಮಾನ ಹತ್ತಬೇಡಿ ಅಂತ ಹೇಳಬಹುದು, ಆದರೆ ಕೆಲವೊಮ್ಮೆ ಅದು ನಮ್ಮ ಕೈಯಲ್ಲಿರಲ್ಲ. ನನಗೆ ಒಬ್ಬ ಗುತ್ತಿಗೆದಾರ ಕೊನೆಯ ನಾಲ್ಕು ದಿನದ ಕೂಲಿ ಕೊಡಲಿಲ್ಲ, ಮುಂದಿನ ವಾರ ಅಂದ, ಮುಂದಿನ ವಾರ ನಾನು ಊರಲ್ಲಿದ್ದೆ. ನನ್ನನ್ನು ಕಾಪಾಡಿದ್ದು ಒಂದು ಸಣ್ಣ ನೋಟ್‌ಬುಕ್. ದಿನಾ ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗೀತು, ಯಾವ ಸಾಲು, ಎಷ್ಟು ಬಿನ್ (ಕೊಯ್ದ ಹಣ್ಣು ತುಂಬುವ ದೊಡ್ಡ ಪೆಟ್ಟಿಗೆ), ಎಲ್ಲ ಬರೆದಿಟ್ಟಿದ್ದೆ. ಅಪ್ಪ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವುದನ್ನು ನೋಡಿ ಬಂದ ಅಭ್ಯಾಸ. ಆ ಪುಟಗಳ ಫೋಟೋ ಕಳಿಸಿ, ಸಂಬಳದ ದೂರು ನೋಡುವ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ ಅಂತ ಮೆಸೇಜ್ ಮಾಡಿದೆ, ಐದು ವಾರಕ್ಕೆ ದುಡ್ಡು ಬಂತು. ದೇಶ ಬಿಟ್ಟ ಮೇಲೂ ಆ ದೂರು ಕೊಡಬಹುದು, ಇದು ಗೊತ್ತಿರಲಿ. ಬಿನ್ ಲೆಕ್ಕದಲ್ಲಿ ಕೊಯ್ದವರಿಗೂ 2022ರ ಏಪ್ರಿಲ್‌ನಿಂದ ಕನಿಷ್ಠ ಗಂಟೆ ಕೂಲಿಯ ಖಾತ್ರಿ ಇದೆ. ಸಂಬಳದ ಚೀಟಿಗಳನ್ನೆಲ್ಲ ಈಗಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಕೆಲಸ ಬಿಟ್ಟ ಮೇಲೆ ಅವರ ಆ್ಯಪ್ ತೆರೆಯದೇ ಹೋಗಬಹುದು.

ರೂಮಿನ ಬಾಂಡ್, ಅಂದರೆ ಅಡ್ವಾನ್ಸ್. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಬಾಡಿಗೆ ಕರಾರು ಸರಿಯಾಗಿ ಆಗಿದ್ದರೆ ಅದು ಮನೆ ಮಾಲೀಕರ ಹತ್ತಿರ ಅಲ್ಲ, ಆರ್‌ಟಿಎ ಅನ್ನುವ ಸರ್ಕಾರಿ ಸಂಸ್ಥೆಯ ಹತ್ತಿರ ಇರುತ್ತದೆ, ಆನ್‌ಲೈನ್‌ನಲ್ಲೇ ವಾಪಸ್ ಕೇಳಬಹುದು. ರೂಮ್ ಖಾಲಿ ಮಾಡಿ ಗುಡಿಸಿ ಒರೆಸಿದ ಮೇಲೆ ಗೋಡೆ, ಒಲೆ, ಬಚ್ಚಲು ಎಲ್ಲದರ ವಿಡಿಯೋ ಮಾಡಿಕೊಳ್ಳಿ. ಹಾಸ್ಟೆಲ್ ಆದರೆ ಕೀ ಡೆಪಾಸಿಟ್ ಕೈಯಲ್ಲೇ ಇಸ್ಕೊಂಡು ಹೊರಡಿ.

ಕಾರ್ ಇದ್ದವರಿಗೆ ಹತ್ತು ದಿನ ಸಾಲದು, ಮೂರು ವಾರ ಮುಂಚೆ ಮಾರೋಕೆ ಹಾಕಬೇಕು. ಇವನಿಗೆ ಸೋಮವಾರ ಫ್ಲೈಟ್ ಅಂತ ಗೊತ್ತಾದರೆ ಅರ್ಧ ಬೆಲೆಗೆ ಕೇಳುತ್ತಾರೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಜಾಹೀರಾತು ಹಾಕುವಾಗಲೇ ಸೇಫ್ಟಿ ಸರ್ಟಿಫಿಕೇಟ್ ಇರಬೇಕು. ರಿಜಿಸ್ಟ್ರೇಷನ್ ಕೊಂಡವರ ಹೆಸರಿಗೆ ಹೋಗಿದ್ದನ್ನು ಕಣ್ಣಾರೆ ನೋಡಿ, ಇಲ್ಲದಿದ್ದರೆ ಅವರು ಕಟ್ಟಬೇಕಾದ ದಂಡದ ನೋಟಿಸ್ ನಿಮಗೆ ಬರುತ್ತದೆ.

ಈಗ ಬ್ಯಾಗಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ.

ಬೂಟು ತೊಳೆಯಿರಿ. ಸುಮ್ನೆ ನೀರು ಹಾಯಿಸುವುದಲ್ಲ. ಮರೀಬಾದ ಕೆಂಪು ಮಣ್ಣು ಬೂಟಿನ ಅಡಿಯ ಗೆರೆಗಳಲ್ಲಿ ಸಿಮೆಂಟಿನ ಹಾಗೆ ಕೂತಿರುತ್ತದೆ. ನಾನು ಬಕೆಟ್ ನೀರು, ಹಳೇ ಟೂತ್‌ಬ್ರಷ್, ಒಂದು ಮೊಳೆ ಇಟ್ಟುಕೊಂಡು ಹಾಸ್ಟೆಲಿನ ಹಿತ್ತಲಲ್ಲಿ ಒಂದೂವರೆ ಗಂಟೆ ಕೂತಿದ್ದೆ. ಲೇಸ್ ಬಿಚ್ಚಿ, ಒಳಗಿನ ಅಟ್ಟೆ ತೆಗೆದು ನೋಡಿದರೆ ಅದರ ಕೆಳಗೂ ಚಿಟಿಕೆ ಮಣ್ಣು, ಎರಡು ಹುಲ್ಲಿನ ಬೀಜ. ಟಲ್ಲಿಯಲ್ಲಿ 2015ರಲ್ಲಿ ಬಾಳೆಗೆ ಪನಾಮಾ ರೋಗದ ಕೆಟ್ಟ ತಳಿ, ಟಿಆರ್‌4 ಅನ್ನುವುದು, ಬಂತು. ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಶಿಲೀಂಧ್ರ, ಬೂಟಿಗೆ ಅಂಟಿದ ಮಣ್ಣಿನಲ್ಲೇ ತೋಟದಿಂದ ತೋಟಕ್ಕೆ ಹೋಗುತ್ತದೆ. ಅಲ್ಲಿ ಗೇಟಿನಲ್ಲಿ ಔಷಧಿ ನೀರಲ್ಲಿ ಕಾಲು ಅದ್ದಿಸಿಯೇ ನಮ್ಮನ್ನು ಒಳಗೆ ಬಿಡುತ್ತಿದ್ದರು. ನಮ್ಮ ಕಾಫಿ ತೋಟಗಳಲ್ಲಿ ಬಾಳೆ ಎಷ್ಟಿದೆ ಯೋಚಿಸಿ. ಬೂಟು ಹಳೆಯದಾಗಿದ್ದರೆ ಅಲ್ಲೇ ಬಿಟ್ಟು ಬನ್ನಿ, ಅದೇ ಒಳ್ಳೆಯದು.

ಹಾಗೇ ಬೀಜ, ಸಸಿ, ಕಡ್ಡಿ ತರಬೇಡಿ. ನಿಮಗೂ ಕೇಳುತ್ತಾರೆ, ನನಗೂ ಕೇಳಿದರು. ಚಿಕ್ಕಪ್ಪ ಫೋನ್ ಮಾಡಿ, "ಆ ದೊಡ್ಡ ಬೆಣ್ಣೆಹಣ್ಣಿನ ಓಟೆ ಎರಡು ಜೇಬಲ್ಲಿ ಹಾಕ್ಕೊಂಡು ಬಾ ಮಗ, ಯಾರು ನೋಡ್ತಾರೆ" ಅಂದರು. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕಾಫಿ ಕಾಯಿ ಕೊರೆಯುವ ಹುಳ, ಕಾಯಿಕೊರಕ, ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಈಗ ನಮ್ಮ ಕಣದಲ್ಲಿ ಒಣಗುವ ಕಾಯಿಯನ್ನು ಒಂದು ಮುಷ್ಟಿ ಎತ್ತಿ ನೋಡಿ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಇರುವ ಕಾಯಿ ಸಿಗುತ್ತದೆ. ಹೊರಗಿನಿಂದ ಬಂದ ಒಂದು ಸಣ್ಣ ಹುಳ ಅದು. ಪರವಾನಗಿ, ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಬೀಜ, ಗಿಡ ತರುವುದು ಕಾನೂನಿಗೆ ವಿರುದ್ಧ, ಮಣ್ಣಂತೂ ತರಲೇಬಾರದು. ಚಿಕ್ಕಪ್ಪನಿಗೆ ಇದನ್ನೇ ಹೇಳಿದೆ. ಸ್ವಲ್ಪ ದಿನ ಮುನಿಸಿಕೊಂಡಿದ್ದರು.

ಅದರ ಬದಲು ಗಿಡ ಸವರುವ ಒಳ್ಳೆಯ ಕತ್ತರಿ ತನ್ನಿ, ಹೊಸದು, ಚೆಕ್-ಇನ್ ಬ್ಯಾಗಿನಲ್ಲಿ. ಹೆಗಲಿಗೆ ಹಾಕಿಕೊಂಡು ಕೊಯ್ಯುವ ಚೀಲ, ತಳ ಬಿಚ್ಚಿದರೆ ಹಣ್ಣು ಮೆಲ್ಲಗೆ ಕೆಳಗಿಳಿಯುವಂಥದ್ದು, ಅದನ್ನೂ ಒಂದು ತಂದೆ. ಈಗ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳಕೆಯಾಗುವುದು ಅದೇ. ಚಾಕೊಲೇಟ್ ಸಾಕಷ್ಟಿರಲಿ, ಅಕ್ಕಪಕ್ಕದ ಮನೆ, ತೋಟದ ಆಳುಗಳ ಲೈನ್‌ಮನೆಯ ಮಕ್ಕಳು, ಎಲ್ಲರನ್ನೂ ಲೆಕ್ಕ ಹಾಕಿ. ಮದ್ಯದ ಬಾಟಲಿ ತರುವವರಿಗೆ ಎರಡು ಲೀಟರ್‌ವರೆಗೆ ಸುಂಕ ಇಲ್ಲ.

ಲ್ಯಾಪ್‌ಟಾಪ್, ಫೋನ್ ಕೊಳ್ಳುವ ಆಲೋಚನೆ ಇದ್ದರೆ ಹೊರಡುವ 60 ದಿನದೊಳಗೆ ಕೊಳ್ಳಿ. ಒಂದೇ ಅಂಗಡಿಯಲ್ಲಿ 300 ಡಾಲರ್ ಅಥವಾ ಮೇಲಿನ ಖರೀದಿಗೆ ಏರ್‌ಪೋರ್ಟ್‌ನಲ್ಲಿ ಜಿಎಸ್‌ಟಿ ವಾಪಸ್ ಕೊಡುತ್ತಾರೆ, ಬೆಲೆಯ ಹನ್ನೊಂದನೇ ಒಂದು ಭಾಗ, ಅಂದರೆ 1,100ಕ್ಕೆ 100. ಬಿಲ್ಲು ಬೇಕು, ವಸ್ತು ಕೈಯಲ್ಲಿರಬೇಕು. ಆ ಕೌಂಟರ್ ಇರುವುದು ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲೆ, ವಿಮಾನ ಹೊರಡುವ ಕನಿಷ್ಠ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು, ಸಾಲು ಉದ್ದ ಇರುತ್ತದೆ. ಇಲ್ಲಿ ಇಳಿದಾಗ 18 ದಾಟಿದವರಿಗೆ ಒಂದು ಲ್ಯಾಪ್‌ಟಾಪ್‌ಗೆ ಸುಂಕ ಹಾಕುವುದಿಲ್ಲ.

ಎರಡು ವಸ್ತು ಮಾತ್ರ ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಒಂದು ವೇಪ್, ಇ-ಸಿಗರೇಟ್ ನಮ್ಮಲ್ಲಿ 2019ರಿಂದ ನಿಷೇಧ. ಇನ್ನೊಂದು ಕಾಡುಮೇಡು ಸುತ್ತುವವರು ಇಟ್ಟುಕೊಳ್ಳುವ ಸ್ಯಾಟಲೈಟ್ ಮೆಸೇಜ್ ಕಳಿಸುವ ಉಪಕರಣ. ಅನುಮತಿ ಇಲ್ಲದೆ ಅದು ಕೈಯಲ್ಲಿದ್ದರೆ ಇಲ್ಲಿ ಪೊಲೀಸ್ ಕೇಸ್ ಆಗುತ್ತದೆ, ವಿದೇಶಿ ಚಾರಣಿಗರೇ ಸಿಕ್ಕಿಬಿದ್ದಿದ್ದಾರೆ. ಹಾಸಿಗೆ, ಪಾತ್ರೆ, ಬಟ್ಟೆ ಯಾವುದಾದರೂ ಆಪ್ ಶಾಪ್‌ಗೆ, ಅಂದರೆ ದಾನ ಬಂದ ಹಳೇ ಸಾಮಾನು ಮಾರುವ ಅಂಗಡಿಗೆ, ಕೊಡಿ. ಖಾಲಿ ಬಾಟಲಿ, ಕ್ಯಾನ್‌ಗೆ ತಲಾ 10 ಸೆಂಟ್ ಸಿಗುತ್ತದೆ, ನಾವು ರೂಮಿನ ನಾಲ್ವರು ಸೇರಿ ಎರಡು ಮೂಟೆ ಕೊಟ್ಟು ಆ ದುಡ್ಡಲ್ಲಿ ಕೊನೆಯ ರಾತ್ರಿ ಮೀನು ತಂದು ಹುರಿದೆವು.

ಇಷ್ಟೆಲ್ಲ ಎಂಟು ದಿನದಲ್ಲಿ ಮುಗಿಸಿದರೆ ಎರಡು ದಿನ ಉಳಿಯುತ್ತದೆ. ಆ ಎರಡು ದಿನ ಏನೂ ಇಟ್ಟುಕೊಳ್ಳಬೇಡಿ. ಕೆಲಸ ಮಾಡಿದ ತೋಟಕ್ಕೆ ಒಂದು ಸಾರಿ ಹೋಗಿ ಬನ್ನಿ, ಜೊತೆಗೆ ಕೊಯ್ದವರಿಗೆ ಅಡುಗೆ ಮಾಡಿ ಹಾಕಿ. ನಾನು ಊರಿನಿಂದ ತಂದಿದ್ದ ಕೊನೆಯ ಕರಿಮೆಣಸನ್ನು ಅಲ್ಲೇ ಖಾಲಿ ಮಾಡಿದೆ.

ದಾರಿ ಬಗ್ಗೆ ಸ್ವಲ್ಪ. ನಮಗೆ ಏರ್‌ಪೋರ್ಟೂ ಇಲ್ಲ, ರೈಲೂ ಇಲ್ಲ. ವಿರಾಜಪೇಟೆ ಕಡೆಯವರಿಗೆ ಕಣ್ಣೂರು ಹತ್ತಿರ ನಿಜ, ಆದರೆ ಮಳೆಗಾಲದಲ್ಲಿ ಆ ದಾರಿಯ ಮಾಕುಟ್ಟ ಘಾಟಿಯನ್ನು ನಂಬಿಕೊಂಡು ಟಿಕೆಟ್ ಮಾಡಬೇಡಿ. ಬೆಂಗಳೂರಿಗೆ ಬಂದರೆ ಏರ್‌ಪೋರ್ಟ್‌ನಿಂದಲೇ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಅಲ್ಲಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಜೂನ್‌ನಿಂದ ಆಗಸ್ಟ್‌ವರೆಗೆ ಬರುವವರು ಹಗಲು ಊರು ಮುಟ್ಟುವ ಹಾಗೆ ಫ್ಲೈಟ್ ನೋಡಿಕೊಳ್ಳಿ. ಮನೆಯವರಿಗೆ ಯಾವ ಬಸ್, ಎಷ್ಟು ಗಂಟೆ ಅಂತ ಬೆಂಗಳೂರಲ್ಲೇ ಫೋನ್ ಮಾಡಿ ಹೇಳಿಬಿಡಿ, ಆಮೇಲೆ ನೆಟ್‌ವರ್ಕ್ ಸಿಗುತ್ತೋ ಇಲ್ಲವೋ. ರೇನ್‌ಕೋಟ್ ದೊಡ್ಡ ಬ್ಯಾಗಿನ ತಳದಲ್ಲಿ ಇಡಬೇಡಿ, ಕೈಚೀಲದಲ್ಲಿ ಇರಲಿ, ಕುಶಾಲನಗರ ದಾಟುತ್ತಿದ್ದ ಹಾಗೆ ಬೇಕಾಗುತ್ತದೆ.