ಕ್ಯೂಬ್ ಒಡೆಯುವ ಮೊದಲೇ: ಕ್ಯಾಲೊರಿಮೀಟರ್ ಜೊತೆ ನನ್ನ ಅನುಭವ

ಕಾಂಕ್ರೀಟ್ ಲ್ಯಾಬ್‌ಗಳಲ್ಲಿ ಕ್ಯೂಬ್ (ಬಲ ಎಷ್ಟಿದೆ ಅಂತ ಒಡೆದು ನೋಡುವ ಕಾಂಕ್ರೀಟ್ ಗಟ್ಟಿ) ಹೇಳಿದ್ದೇ ಕೊನೆಯ ಮಾತು. 150 ಮಿ.ಮೀ. ಅಚ್ಚಿಗೆ ತುಂಬು, ಮಾರನೇ ದಿನ ಬಿಚ್ಚು, ನೀರಿನ ತೊಟ್ಟಿಗೆ ಹಾಕು, 7ನೇ ದಿನ ಕೆಲವು ಒಡೆ, 28ನೇ ದಿನ ಉಳಿದವನ್ನು ಒಡೆ. ಅಂಕಿ ಚೆನ್ನಾಗಿ ಬಂದರೆ ಸರಿ. ಬರದಿದ್ದರೆ? ಅಷ್ಟೊತ್ತಿಗೆ ಆ ಸ್ಲ್ಯಾಬಿನ ಮೇಲೆ ಇನ್ನೂ ಎರಡು ಮಹಡಿ ಎದ್ದಿರುತ್ತದೆ. ಕ್ಯೂಬ್ ಹೇಳುವುದು ನಿಜವೇ, ಆದರೆ ತಡವಾಗಿ ಹೇಳುತ್ತದೆ. ಯಾಕೆ ಹೀಗಾಯ್ತು ಅಂತ ಕೇಳಿದರೆ ಅದರ ಬಳಿ ಉತ್ತರವಿಲ್ಲ.

ನಾನು ಬೆಂಗಳೂರಿನ ಹೊರವಲಯದ ಒಂದು ರೆಡಿಮಿಕ್ಸ್ ಪ್ಲಾಂಟಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಇಲ್ಲಿಗೆ ಐಸೋಥರ್ಮಲ್ ಕ್ಯಾಲೊರಿಮೀಟರ್ (ಉಷ್ಣತೆ ಒಂದೇ ಸಮ ಇಟ್ಟು ಸಿಮೆಂಟಿನ ಬಿಸಿ ಅಳೆಯುವ ಯಂತ್ರ) ಬಂದಾಗ, ಇದು ಸಿಮೆಂಟ್ ಫ್ಯಾಕ್ಟರಿಯವರ, ಸಂಶೋಧನೆ ಮಾಡುವವರ ಆಟಿಕೆ, ನಮಗ್ಯಾಕೆ ಅಂತ ಅಂದವರೇ ಜಾಸ್ತಿ. ಈಗ ಹೊಸ ಸಿಮೆಂಟ್ ಲೋಡ್ ಬಂದರೆ ಮೊದಲು ನೋಡುವುದು ಇದರ ಗ್ರಾಫನ್ನೇ.

ಸಿಮೆಂಟಿಗೆ ನೀರು ಬಿದ್ದ ಕೂಡಲೇ ಬಿಸಿ ಹೊರಡುತ್ತದೆ. ಎಷ್ಟು ಬಿಸಿ, ಯಾವ ಹೊತ್ತಿಗೆ, ಎಷ್ಟು ವೇಗದಲ್ಲಿ ಅನ್ನುವುದನ್ನು ಈ ಯಂತ್ರ ಅಳೆಯುತ್ತದೆ. ಕ್ಲಿಂಕರ್ ಅಂದರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಉಂಡೆ, ಅದರ ನಾಲ್ಕು ಮುಖ್ಯ ಖನಿಜಗಳು ಕೊಡುವ ಬಿಸಿ ಒಂದೇ ಅಲ್ಲ. ಪೂರ್ತಿ ನೀರುಂಡರೆ ಸಿ3ಎಸ್ ಗ್ರಾಂಗೆ ಸುಮಾರು 500 ಜೂಲ್ ಕೊಡುತ್ತದೆ, ಸಿ2ಎಸ್ 260, ಸಿ4ಎಎಫ್ 420. ಸಿ3ಎ ಮಾತ್ರ 860ರ ಮೇಲೆ. ಪ್ರಮಾಣದಲ್ಲಿ ಕಡಿಮೆ ಇದ್ದರೂ ತರಲೆ ಮಾಡುವುದು ಇದೇ. ಇದನ್ನು ಹದ್ದುಬಸ್ತಿನಲ್ಲಿ ಇಡಲೆಂದೇ ಕ್ಲಿಂಕರ್ ಅರೆಯುವಾಗ ಜಿಪ್ಸಮ್ ಸೇರಿಸುವುದು.

ಮೊದಲೂ ಬಿಸಿ ಅಳೆಯುತ್ತಿದ್ದರು. ಭಾರತೀಯ ಮಾನಕ ಐಎಸ್ 4031ರ 9ನೇ ಭಾಗದಲ್ಲಿ ಆ ವಿಧಾನವಿದೆ. ಒಣ ಸಿಮೆಂಟನ್ನೂ ನೀರು ಬೆರೆಸಿ ಗಟ್ಟಿಯಾದ ಸಿಮೆಂಟನ್ನೂ ಬೇರೆ ಬೇರೆಯಾಗಿ ಆಸಿಡ್‌ನಲ್ಲಿ ಕರಗಿಸಬೇಕು. ಎರಡರ ಬಿಸಿಯ ವ್ಯತ್ಯಾಸವೇ ಲೆಕ್ಕ. ನೈಟ್ರಿಕ್ ಆಸಿಡ್ ಜೊತೆ ಹೈಡ್ರೋಫ್ಲೋರಿಕ್ ಆಸಿಡ್ ಬೇಕು, ಅದು ಗಾಜನ್ನೂ ತಿನ್ನುತ್ತದೆ, ಚರ್ಮಕ್ಕೆ ತಾಗಿದರೆ ಮೂಳೆಯವರೆಗೂ ಇಳಿಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು 7ನೇ ದಿನದ ಒಂದು ಅಂಕಿ, 28ನೇ ದಿನದ ಒಂದು ಅಂಕಿ. ನಡುವೆ ಏನಾಯ್ತು ಅನ್ನುವುದು ಕತ್ತಲೆ. ನನಗಂತೂ ಆ ಆಸಿಡ್ ಬಾಟಲಿ ಲ್ಯಾಬಿನಿಂದ ದೂರ ಇದ್ದಷ್ಟೂ ನೆಮ್ಮದಿ.

ಐಸೋಥರ್ಮಲ್ ಯಂತ್ರದ ಒಳಗೆ ಉಷ್ಣತೆ ಒಂದೇ ಸಮ ಇರುತ್ತದೆ. ನಾವು 27 ಡಿಗ್ರಿಗೆ ಇಡುತ್ತೇವೆ, ನಮ್ಮ ಬೇರೆ ಸಿಮೆಂಟ್ ಪರೀಕ್ಷೆಗಳೂ ಅದೇ ಉಷ್ಣತೆಯಲ್ಲೇ ಅಲ್ವಾ. ಸ್ಯಾಂಪಲ್‌ನಿಂದ ಹೊರಬೀಳುವ ಬಿಸಿ ಒಂದು ಸೆನ್ಸರ್ ದಾಟಿ ಲೋಹದ ದಿಮ್ಮಿಗೆ ಹೋಗುತ್ತದೆ. ದಾಟುವಾಗ ಹುಟ್ಟುವ ಸಣ್ಣ ವೋಲ್ಟೇಜನ್ನು ಯಂತ್ರ ಮಿಲಿವ್ಯಾಟ್‌ಗೆ ತಿರುಗಿಸುತ್ತದೆ. ಪ್ರತಿ ಸ್ಯಾಂಪಲ್ ಪಕ್ಕದಲ್ಲಿ ಬಿಸಿ ಕೊಡದ ಒಂದು ಜೋಡಿ ಇರುತ್ತದೆ, ತಕ್ಕಡಿಯ ಇನ್ನೊಂದು ತಟ್ಟೆಯ ಹಾಗೆ. ಕೋಣೆಯ ಏರಿಳಿತ ಎರಡಕ್ಕೂ ಒಂದೇ ಸಮ ತಾಗಿ ವಜಾ ಆಗುತ್ತದೆ.

ಆ ಜೋಡಿಯ ತೂಕವನ್ನು ಸುಮ್ನೆ ಅಂದಾಜಿಗೆ ಹಾಕಬಾರದು. ನಾನು ಲೆಕ್ಕ ಹಾಕುವುದು ಹೀಗೆ. ಆಂಪ್ಯೂಲ್‌ನಲ್ಲಿ (ಸ್ಯಾಂಪಲ್ ಹಾಕುವ ಸಣ್ಣ ಬಾಟಲಿ) 5 ಗ್ರಾಂ ಸಿಮೆಂಟ್, 2.5 ಗ್ರಾಂ ನೀರು ಇದೆ ಅಂದುಕೊಳ್ಳಿ. ಒಂದು ಗ್ರಾಂ ಸಿಮೆಂಟನ್ನು ಒಂದು ಡಿಗ್ರಿ ಏರಿಸಲು 0.75 ಜೂಲ್ ಬೇಕು, ನೀರಿಗೆ 4.18. ಎರಡೂ ಸೇರಿ 14.2 ಜೂಲ್. ಇದಕ್ಕೆ ಸಮವಾಗಿ ಪಕ್ಕದ ಆಂಪ್ಯೂಲ್‌ಗೆ 3.4 ಗ್ರಾಂ ನೀರು ಹಾಕಿದರೆ ಸಾಕು. ಒಣ ಮರಳಾದರೆ ಸುಮಾರು 19 ಗ್ರಾಂ ಬೇಕು. ಇದು ಸರಿ ಹೊಂದಿದರೆ ಗ್ರಾಫಿನ ಗೆರೆ ಶಾಂತವಾಗಿರುತ್ತದೆ. ಹೊಂದದಿದ್ದರೆ ಕೋಣೆಯ ಎಸಿ ಆನ್ ಆಫ್ ಆದದ್ದೂ ಗೆರೆಯಲ್ಲಿ ಕಾಣುತ್ತದೆ.

ಸ್ಯಾಂಪಲ್ ತಯಾರಿಯಲ್ಲಿ ನಾನು ಬಹಳ ಕಟ್ಟುನಿಟ್ಟು. ಸಿಮೆಂಟ್, ನೀರು, ಅಡ್ಮಿಕ್ಸ್ಚರ್ (ಕಾಂಕ್ರೀಟಿನ ಗುಣ ಬದಲಿಸಲು ಹಾಕುವ ರಾಸಾಯನಿಕ), ಚಮಚ ಎಲ್ಲವೂ ಹಿಂದಿನ ರಾತ್ರಿಯೇ ಅದೇ ಕೋಣೆಯಲ್ಲಿ ಇರಬೇಕು. 50 ಗ್ರಾಂ ಸಿಮೆಂಟಿಗೆ 25 ಗ್ರಾಂ ನೀರು ಹಾಕಿ, ಸಣ್ಣ ಮಿಕ್ಸರ್‌ನಲ್ಲಿ ಒಂದೇ ವೇಗ, ಒಂದೇ ಹೊತ್ತು ಕಲಸುತ್ತೇನೆ. ಅದರಲ್ಲಿ 7.5 ಗ್ರಾಂ ತೂಗಿ ಆಂಪ್ಯೂಲ್‌ಗೆ ಹಾಕಿದರೆ ಒಳಗೆ ಸರಿಯಾಗಿ 5 ಗ್ರಾಂ ಸಿಮೆಂಟ್ ಇರುತ್ತದೆ. ಪೇಸ್ಟ್ ಆಂಪ್ಯೂಲ್‌ನ ಕತ್ತಿಗೆ ಮೆತ್ತಿಕೊಳ್ಳಬಾರದು. ಮುಚ್ಚಳ ಬಿಗಿಯಾಗಿ ಕೂರಬೇಕು, ಇಲ್ಲದಿದ್ದರೆ ನೀರು ಆವಿಯಾಗುತ್ತಾ ಬಿಸಿಯನ್ನು ಕದಿಯುತ್ತದೆ. ಹೊರಗೆ ಒಂದು ಹನಿ ನೀರು ಅಂಟಿದ್ದರೂ ಅಷ್ಟೇ, ಗೆರೆ ಸೊನ್ನೆಯ ಕೆಳಗೆ ಇಳಿಯುತ್ತದೆ. ನಮ್ಮ ಹುಡುಗರಿಗೆ ನಾನು ಹೇಳುವ ಮೊದಲ ಪಾಠ ಇದೇ: ಟಿಶ್ಯೂ ತಗೊಂಡು ಒರೆಸು, ಆಮೇಲೆ ಇಳಿಸು.

ಹೊರಗೆ ಕಲಸಿ ಹಾಕುವುದರಿಂದ ಮೊದಲ ಅರ್ಧ ಮುಕ್ಕಾಲು ಗಂಟೆಯ ಅಂಕಿಯನ್ನು ನಾನು ನಂಬುವುದಿಲ್ಲ. ಆಂಪ್ಯೂಲ್ ಇಳಿಸಿದ ಗಲಿಬಿಲಿ ಅದರಲ್ಲಿ ಬೆರೆತಿರುತ್ತದೆ. ನೀರು ತಾಗಿದ ಕ್ಷಣದ ಬಿಸಿಯೂ ಬೇಕೆಂದರೆ, ಯಂತ್ರದ ಒಳಗೇ ಸಿರಿಂಜ್‌ನಿಂದ ನೀರು ಬಿಟ್ಟು ಕಲಸುವ ಆಂಪ್ಯೂಲ್ ಬೇಕು. ಅಮೆರಿಕದ ಮಾನಕ ಎಎಸ್‌ಟಿಎಂ ಸಿ1702 ಎರಡು ಬಗೆಗೂ ಒಪ್ಪುತ್ತದೆ.

ಇನ್ನು ಬೇಸ್‌ಲೈನ್, ಅಂದರೆ ಸ್ಯಾಂಪಲ್ ಬಿಸಿ ಕೊಡದಿದ್ದಾಗ ಯಂತ್ರ ತೋರಿಸುವ ಸೊನ್ನೆ ಗೆರೆ. 7 ದಿನದ ಒಟ್ಟು ಬಿಸಿ ಬೇಕಾದವರು ಇಲ್ಲಿ ತಾಳ್ಮೆ ತೋರಿಸಲೇಬೇಕು. 7 ದಿನ ಅಂದರೆ 6,04,800 ಸೆಕೆಂಡ್. ಬೇಸ್‌ಲೈನ್ 100 ಮೈಕ್ರೋವ್ಯಾಟ್ ತಪ್ಪಿದ್ದರೆ ಅಷ್ಟು ಹೊತ್ತಿಗೆ 60 ಜೂಲ್ ಆಗುತ್ತದೆ. 5 ಗ್ರಾಂ ಸಿಮೆಂಟಿನಲ್ಲಿ ಹಂಚಿದರೆ ಗ್ರಾಂಗೆ 12 ಜೂಲ್. ಐಎಸ್ 12600 ಲೋ ಹೀಟ್ ಸಿಮೆಂಟಿಗೆ 7 ದಿನಕ್ಕೆ ಹಾಕಿರುವ ಮಿತಿ ಗ್ರಾಂಗೆ 272 ಜೂಲ್. ಅಂಥ ಮಿತಿಯ ಹತ್ತಿರ ಇದ್ದಾಗ 12 ಜೂಲ್ ಪಾಸನ್ನು ಫೇಲ್ ಮಾಡಬಹುದು. ಮೊದಲ ದಿನದ ಗ್ರಾಫಿಗೆ ಮಾತ್ರ ಈ ತಪ್ಪು ಲೆಕ್ಕಕ್ಕೇ ಇಲ್ಲ, ಯಾಕೆಂದರೆ ಅಲ್ಲಿ ಗ್ರಾಂಗೇ 3-4 ಮಿಲಿವ್ಯಾಟ್ ಬರುತ್ತಿರುತ್ತದೆ.

ನಮ್ಮಂಥ ರೆಡಿಮಿಕ್ಸ್‌ನವರಿಗೆ ಬೇಕಾದ್ದು ಆ ಮೊದಲ ದಿನವೇ. ಒಟ್ಟು ಬಿಸಿಗಿಂತ ಗೆರೆಯ ಆಕಾರ ಮುಖ್ಯ. ಸಾದಾ ಒಪಿಸಿಯಲ್ಲಿ (ಆರ್ಡಿನರಿ ಪೋರ್ಟ್‌ಲ್ಯಾಂಡ್ ಸಿಮೆಂಟ್) ನೀರು ತಾಗಿದಾಗ ಒಂದು ಚೂಪು ಏರು ಬಂದು ಇಳಿಯುತ್ತದೆ. ಆಮೇಲೆ ಒಂದೆರಡು ಗಂಟೆ ಏನೂ ನಡೆಯುತ್ತಿಲ್ಲವೇನೋ ಅನ್ನುವ ಹಾಗೆ ಗೆರೆ ಮಲಗುತ್ತದೆ. ಕಾಂಕ್ರೀಟ್ ಲಾರಿಯಲ್ಲಿ ಹೋಗಿ, ಪಂಪ್ ಆಗಿ, ಸಮ ಆಗುವುದೆಲ್ಲ ಈ ಹೊತ್ತಿನಲ್ಲೇ. ಆಮೇಲೆ ದೊಡ್ಡ ಗುಡ್ಡ, ಅದು ಸಿ3ಎಸ್‌ನದ್ದು. 7ರಿಂದ 10 ಗಂಟೆಯ ಆಸುಪಾಸು ಅದರ ನೆತ್ತಿ. ನೆತ್ತಿ ದಾಟಿದ ಮೇಲೆ ಒಂದು ಸಣ್ಣ ಭುಜ. ಅದು ಜಿಪ್ಸಮ್ ಮುಗಿದು ಸಿ3ಎ ಮತ್ತೆ ಎದ್ದ ಗುರುತು. ಈ ಭುಜ ನೆತ್ತಿಯ ಬಲಗಡೆ ಇರಬೇಕು. ಎಡಗಡೆ ಬಂದರೆ ಕೆಟ್ಟಿತು ಅಂತಲೇ.

ಒಂದು ಬೇಸಿಗೆಯಲ್ಲಿ ಹಾಗೇ ಆಯಿತು. ಅಪಾರ್ಟ್‌ಮೆಂಟ್ ಒಂದರ ಸ್ಲ್ಯಾಬ್, ಎಂ30 ಮಿಕ್ಸ್ (28ನೇ ದಿನಕ್ಕೆ 30 ಎಂಪಿಎ ಬಲ ಬೇಕಾದ ಕಾಂಕ್ರೀಟ್), ಒಪಿಸಿ 53 ಜೊತೆ ಹಾರುಬೂದಿ. ಟ್ರಾಫಿಕ್‌ನಲ್ಲಿ ಲಾರಿ ನಿಲ್ಲುತ್ತದೆ ಅಂತ ರಿಟಾರ್ಡರ್ (ಸೆಟ್ ಆಗುವುದನ್ನು ತಡ ಮಾಡುವ ಅಂಶ) ಇರುವ ಅಡ್ಮಿಕ್ಸ್ಚರ್ ಡೋಸನ್ನು ಸ್ವಲ್ಪ ಏರಿಸಿದ್ದರು. ಬೆಳಗ್ಗೆ ಸೈಟ್ ಎಂಜಿನಿಯರ್ ಫೋನ್: "ಸಾರ್, ನಿನ್ನೆ ಪಂಪ್‌ನಲ್ಲೇ ಬಿಗಿಯೋಕೆ ಶುರುವಾಗಿತ್ತು, ಪೈಪ್ ಎರಡು ಸಲ ಬಿಚ್ಚಿದ್ವಿ. ಈಗ ನೋಡಿದ್ರೆ ಸ್ಲ್ಯಾಬ್ ಸೆಟ್ಟೇ ಆಗಿಲ್ಲ, ಬೆರಳು ಊರಿದ್ರೆ ಗುಳಿ ಬೀಳ್ತಿದೆ!"

ಬೇಗ ಬಿಗಿಯಿತು, ಆದರೆ ಸೆಟ್ ಆಗಲಿಲ್ಲ. ಕೇಳಿದರೆ ಎರಡು ಬೇರೆ ಬೇರೆ ದೂರು ಅನ್ನಿಸುತ್ತದೆ. ಸಿಮೆಂಟ್ ಕಡೆಯವರು ಅಡ್ಮಿಕ್ಸ್ಚರ್ ಅಂದರು, ಅಡ್ಮಿಕ್ಸ್ಚರ್ ಕಡೆಯವರು ಸಿಮೆಂಟ್ ಅಂದರು, ಇಬ್ಬರೂ ಸೇರಿ ನಿಮ್ಮ ನೀರು ಅಂದರು. ವೈಕಾಟ್ ಸೂಜಿಯಲ್ಲಿ ಸಿಮೆಂಟ್ ಸೆಟ್ಟಿಂಗ್ ನೋಡಿದರೆ ಪಾಸ್. ಆಗಲೇಬೇಕು, ಆ ಪರೀಕ್ಷೆಯಲ್ಲಿ ಅಡ್ಮಿಕ್ಸ್ಚರೂ ಇಲ್ಲ, ಬಿಸಿಲೂ ಇಲ್ಲ.

ನಾಲ್ಕು ಚಾನೆಲ್‌ನಲ್ಲಿ ನಾಲ್ಕು ಪೇಸ್ಟ್ ಇಟ್ಟೆ. ಬರೀ ಸಿಮೆಂಟ್, ಸಿಮೆಂಟ್ ಜೊತೆ ಬೂದಿ, ಅದಕ್ಕೇ ಮಾಮೂಲಿ ಡೋಸ್, ಅದಕ್ಕೇ ಏರಿಸಿದ ಡೋಸ್. 27 ಡಿಗ್ರಿಯಲ್ಲಿ ನಾಲ್ಕೂ ಗೆರೆ ಪರವಾಗಿಲ್ಲ, ಕೊನೆಯದು ಸ್ವಲ್ಪ ತಡ, ಅಷ್ಟೇ. ಆದರೆ ಸೈಟ್‌ಗೆ ಮುಟ್ಟಿದ ಕಾಂಕ್ರೀಟ್ 35ರ ಮೇಲಿತ್ತು. ಯಂತ್ರವನ್ನು 35ಕ್ಕೆ ಏರಿಸಿದೆ, ಅದು ಸಮಸ್ಥಿತಿಗೆ ಬರಲು ಮಾರನೇ ದಿನದವರೆಗೆ ಕಾದೆ, ಮತ್ತೆ ಅದೇ ನಾಲ್ಕು ಪೇಸ್ಟ್. ಮೊದಲ ಮೂರು ಸರಿ. ನಾಲ್ಕನೆಯದರಲ್ಲಿ ದೊಡ್ಡ ಗುಡ್ಡ ಬರಬೇಕಾದ ಹೊತ್ತಿಗೆ ತುಂಬಾ ಮೊದಲೇ ಸೂಜಿಯಂಥ ಒಂದು ಏರು. ಆಮೇಲೆ ಗೆರೆ ನೆಲಕಚ್ಚಿ ಗಂಟೆಗಟ್ಟಲೆ ಏಳಲೇ ಇಲ್ಲ. ಸೂಜಿ ಸಿ3ಎಯದ್ದು. ಪಂಪಿನಲ್ಲಿ ಬಿಗಿದದ್ದು ಅದು. ಸಿ3ಎಸ್ ಹಿಂದೆ ಬಿದ್ದಿದ್ದಕ್ಕೆ ಸ್ಲ್ಯಾಬಿನಲ್ಲಿ ಗುಳಿ. ಎರಡು ದೂರಿಗೂ ಒಂದೇ ಗೆರೆಯಲ್ಲಿ ಉತ್ತರ ಸಿಕ್ಕಿತು.

ಇದು ಸಲ್ಫೇಟ್, ಅಂದರೆ ಜಿಪ್ಸಮ್ ಕೊಡುವ ಅಂಶ, ಸಾಕಾಗದೇ ಹೋದ ಲಕ್ಷಣ. ಖಚಿತ ಮಾಡಿಕೊಳ್ಳಲು ಸುಲಭದ ದಾರಿಯಿದೆ. ಅದೇ ನಾಲ್ಕನೇ ಪೇಸ್ಟಿಗೆ ನುಣ್ಣನೆ ಜಿಪ್ಸಮ್ ಪುಡಿಯನ್ನು ಸಿಮೆಂಟಿನ ತೂಕದ ಅರ್ಧ ಶೇಕಡಾ ಒಂದರಲ್ಲಿ, ಒಂದು ಶೇಕಡಾ ಇನ್ನೊಂದರಲ್ಲಿ ಸೇರಿಸಿ ಓಡಿಸಿದೆ. ಅರ್ಧಕ್ಕೆ ಸೂಜಿ ಬಲಕ್ಕೆ ಸರಿಯಿತು. ಒಂದಕ್ಕೆ ಗುಡ್ಡ ತನ್ನ ಜಾಗಕ್ಕೆ ಬಂತು, ಸೂಜಿ ಅದರ ಹಿಂದೆ ಭುಜವಾಗಿ ಕೂತಿತು. ಇದಾದ ಮೇಲೆ ಮೀಟಿಂಗ್‌ನಲ್ಲಿ ಯಾರೂ ನೀರಿನ ಮಾತೆತ್ತಲಿಲ್ಲ.

ಹಾಗಂತ ಯಾರದೋ ಸಿಮೆಂಟ್ ಕೆಟ್ಟದ್ದು ಅಂತ ಅರ್ಥವಲ್ಲ. ಸಿಮೆಂಟ್ ಅದರಷ್ಟಕ್ಕೆ ಸರಿ, ಅಡ್ಮಿಕ್ಸ್ಚರ್ ಅದರಷ್ಟಕ್ಕೆ ಸರಿ. ಆ ಡೋಸ್, ಆ ಬಿಸಿಲು, ಆ ಜೋಡಿ ಸೇರಿದಾಗ ಮಾತ್ರ ಎಡವಟ್ಟು. ಪ್ಲಾಂಟಿನಲ್ಲಿ ಜಿಪ್ಸಮ್ ಸೇರಿಸುವ ಹಾಗಿಲ್ಲ, ಅದು ನಮ್ಮ ಕೆಲಸವೂ ಅಲ್ಲ. ಡೋಸ್ ಇಳಿಸಿದೆವು, ಕಲಸುವ ನೀರನ್ನು ತಂಪು ಮಾಡಿದೆವು, ಅಡ್ಮಿಕ್ಸ್ಚರಿನ ಒಂದು ಪಾಲನ್ನು ಸಿಮೆಂಟ್ ನೆನೆದ ಮೇಲೆ ಹಾಕುವ ಹಾಗೆ ಬ್ಯಾಚಿಂಗ್ ಕ್ರಮ ಬದಲಿಸಿದೆವು. ಪ್ರತಿ ಬದಲಾವಣೆಯನ್ನೂ ಮೊದಲು 35 ಡಿಗ್ರಿಯ ಗ್ರಾಫಿನಲ್ಲಿ ನೋಡಿಯೇ ಪ್ಲಾಂಟಿಗೆ ಇಳಿಸಿದ್ದು. ಸ್ಲ್ಯಾಬಿಗೆ ಗೋಣಿಚೀಲ ಹೊದೆಸಿ ನೀರು ಹಾಯಿಸಿ, ಸೆಂಟ್ರಿಂಗ್ ಬಿಚ್ಚುವುದನ್ನು ಮುಂದಕ್ಕೆ ಹಾಕಿದೆವು. 28ನೇ ದಿನ ಕ್ಯೂಬ್‌ಗಳು ದಾಟಿಕೊಂಡವು.

ಕಾಂಕ್ರೀಟನ್ನೇ ನೇರ ಇಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ದೊಡ್ಡ ಕಪ್ ಇರುವ ಯಂತ್ರದಲ್ಲಿ ಇಡಬಹುದು. ಆದರೆ 20 ಮಿ.ಮೀ. ಜಲ್ಲಿ ನಾಲ್ಕು ಬಿದ್ದರೆ ಕಪ್ಪಿನ ಅರ್ಧ ಜಾಗ ಹೋಯಿತು, ಎರಡು ಸ್ಯಾಂಪಲ್‌ನಲ್ಲಿ ಸಿಮೆಂಟ್ ಒಂದೇ ಸಮ ಬರುವುದಿಲ್ಲ. ಲಾರಿಯಿಂದ ತಂದ ಕಾಂಕ್ರೀಟನ್ನು ನಾನು 4.75 ಮಿ.ಮೀ. ಜರಡಿಯಲ್ಲಿ ಸೋಸಿ ಗಾರೆ ಮಾತ್ರ ಇಡುತ್ತೇನೆ. ಆಗಲೂ ಗ್ರಾಂ ಸಿಮೆಂಟಿಗೆ ಎಷ್ಟು ಅನ್ನುವ ಲೆಕ್ಕವನ್ನು ನೆಚ್ಚುವುದಿಲ್ಲ. ಗುಡ್ಡ ಯಾವಾಗ ಎದ್ದಿತು ಅನ್ನುವುದಷ್ಟೇ ನೋಡುತ್ತೇನೆ.

ದಪ್ಪ ರಾಫ್ಟ್ (ಇಡೀ ಕಟ್ಟಡದ ಅಡಿಗೆ ಹಾಸುವ ತಳಪಾಯ) ಹಾಕುವಾಗ ಒಟ್ಟು ಬಿಸಿಯೇ ಬೇಕು. ಒಂದು ಘನ ಮೀಟರಿಗೆ 400 ಕಿಲೋ ಒಪಿಸಿ, ಕಿಲೋಗೆ 300 ಕಿಲೋಜೂಲ್ ಅಂದರೆ 1,20,000 ಕಿಲೋಜೂಲ್. ಒಂದು ಘನ ಮೀಟರ್ ಕಾಂಕ್ರೀಟನ್ನು ಒಂದು ಡಿಗ್ರಿ ಏರಿಸಲು ಹತ್ತಿರಹತ್ತಿರ 2,400 ಬೇಕು. ಭಾಗಿಸಿದರೆ 50 ಡಿಗ್ರಿ. 30 ಡಿಗ್ರಿಯಲ್ಲಿ ಸುರಿದ ಕಾಂಕ್ರೀಟಿನ ನಡುಭಾಗ 80ರ ಹತ್ತಿರ ಹೋಗಬಹುದು. 70 ದಾಟಿದರೆ ವರ್ಷಗಳ ಮೇಲೆ ಎಟ್ರಿಂಗೈಟ್ ಅನ್ನುವ ಹರಳು ಒಳಗೇ ಬೆಳೆದು ಬಿರುಕು ಬಿಡಿಸುವ ಅಪಾಯವಿದೆ. ಹಾಗಾಗಿ ಸಿಮೆಂಟಿನ ಬದಲು ಅರ್ಧಕ್ಕರ್ಧ ಸ್ಲ್ಯಾಗ್ (ಕಬ್ಬಿಣ ಕರಗಿಸುವಾಗ ಉಳಿಯುವ ಕಿಟ್ಟದ ಪುಡಿ) ಹಾಕುತ್ತೇವೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರುವುದರಿಂದ ನಮ್ಮ ಕಡೆ ಅದಕ್ಕೆ ಬರವಿಲ್ಲ. ಸ್ಲ್ಯಾಗ್ ಬಿಸಿಯೇ ಕೊಡುವುದಿಲ್ಲ ಅನ್ನುವ ಭ್ರಮೆ ಮಾತ್ರ ಬೇಡ. 27 ಡಿಗ್ರಿಯಲ್ಲಿ ಸೋಮಾರಿಯಂತೆ ಇರುವುದು ರಾಫ್ಟಿನ ಬಿಸಿ ಹೊಟ್ಟೆಯಲ್ಲಿ ಚುರುಕಾಗುತ್ತದೆ. ಅದಕ್ಕೇ ಇಂಥ ಮಿಕ್ಸನ್ನು 40 ಡಿಗ್ರಿಯಲ್ಲೂ ಓಡಿಸಿ ನೋಡುತ್ತೇನೆ.

ಈ ಯಂತ್ರಕ್ಕೆ ಬಲ ಕೇಳಬೇಡಿ. 28ನೇ ದಿನ ಎಷ್ಟು ಎಂಪಿಎ ಅಂತ ಗ್ರಾಫಿನಿಂದ ಹೇಳುತ್ತೇನೆ ಅನ್ನುವವರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಒಂದೇ ಸಿಮೆಂಟಿನ ಲೋಡ್‌ಗಳನ್ನು ಒಂದಕ್ಕೊಂದು ಹೋಲಿಸಲು ಇದು ಸೊಗಸು. ಬೇರೆ ಲ್ಯಾಬಿನ ಗ್ರಾಫ್ ಜೊತೆ ಹೋಲಿಸುವ ಮೊದಲು ಉಷ್ಣತೆ, ನೀರಿನ ಪ್ರಮಾಣ, ಕಲಸಿದ ರೀತಿ ಮೂರನ್ನೂ ಕೇಳಿ. ಯುಪಿಎಸ್ ಇಲ್ಲದೆ ಮಾತ್ರ ಕೊಳ್ಳಲೇಬೇಡಿ, ಐದನೇ ದಿನ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಯಂತ್ರ ದುಬಾರಿ, ನಿಜ. ಸಣ್ಣ ಪ್ಲಾಂಟಿನವರು ಥರ್ಮಾಸ್ ಫ್ಲಾಸ್ಕಿನಲ್ಲಿ ಶುರು ಮಾಡಬಹುದು. ಒಂದರಲ್ಲಿ ಗಾರೆ, ಇನ್ನೊಂದರಲ್ಲಿ ಒದ್ದೆ ಮರಳು, ಎರಡಕ್ಕೂ ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ), ನಿಮಿಷಕ್ಕೊಮ್ಮೆ ಬರೆದುಕೊಳ್ಳುವ ಒಂದು ಲಾಗರ್. ಜೂಲ್ ಲೆಕ್ಕ ಸಿಗುವುದಿಲ್ಲ, ಆದರೆ ಬಿಸಿ ಯಾವಾಗ ಎದ್ದಿತು ಅನ್ನುವುದು ಸಿಗುತ್ತದೆ. ಹಳೆ ಲೋಡಿನ ಸಿಮೆಂಟ್ ಒಂದಷ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಎತ್ತಿಟ್ಟು, ಹೊಸದರ ಪಕ್ಕದಲ್ಲೇ ಅದೇ ದಿನ ಓಡಿಸಿ. ನಿನ್ನೆಯ ಗೆರೆ ಜೊತೆ ಇವತ್ತಿನದನ್ನು ಹೋಲಿಸಬೇಡಿ, ಫ್ಲಾಸ್ಕಿಗೆ ಕೋಣೆಯ ಬಿಸಿ ತಾಗೇ ತಾಗುತ್ತದೆ.